ಮಲ್ಪೆಯಲ್ಲಿ ನಾಲ್ಕು ದಿನ: ದ್ವೀಪ, ಹಳೇ ಊರು, ಮಂಡಿನೋವಿನ ಅಮ್ಮ. ಪ್ಲಾನ್ ಸರಿ ಇದೆಯಾ?

ಬಸವನಗುಡಿ ಬಜ್ಜಿ:

ನಮಸ್ಕಾರ. ದೀಪಾವಳಿ ಕಳೆದ ಮೇಲೆ ನಾಲ್ಕು ದಿನಕ್ಕೆ ಮಲ್ಪೆ ಪಕ್ಕದ ಒಂದು ರೆಸಾರ್ಟ್‌ನಲ್ಲಿ ರೂಮು ಹಿಡಿದಿದ್ದೇವೆ. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಎಪ್ಪತ್ತೆರಡರ ಅಮ್ಮ. ಅಮ್ಮನಿಗೆ ಮಂಡಿನೋವು, ಆದರೆ ಬಾಯಿಬಿಟ್ಟು ಹೇಳುವವರಲ್ಲ. ರೆಸಾರ್ಟ್‌ನಲ್ಲಿ ಕೂತು ಇಡ್ಲಿ ತಿನ್ನೋಕೆ ಬೆಂಗಳೂರಿಂದ ಅಷ್ಟು ದೂರ ಹೋಗಬೇಕಾ? ಅದಕ್ಕೇ ದಿನಾ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರುವ ಹಾಗೆ ಪ್ಲಾನ್ ಹಾಕಿದ್ದೇನೆ.

ಮೊದಲ ದಿನ ಸೇಂಟ್ ಮೇರೀಸ್ ದ್ವೀಪ, ಉಡುಪಿ ಮಠ, ಕಾಪು ಲೈಟ್‌ಹೌಸ್. ಎರಡನೇ ದಿನ ಕಾರ್ಕಳ, ಮೂಡುಬಿದಿರೆ, ವೇಣೂರು. ಮೂರನೇ ದಿನ ಮುರುಡೇಶ್ವರ, ನೇತ್ರಾಣಿ ದ್ವೀಪ, ಮಿರ್ಜಾನ್ ಕೋಟೆ. ನಾಲ್ಕನೇ ದಿನ ಮರವಂತೆ, ಕೊಲ್ಲೂರು, ರಾತ್ರಿ ರೈಲು. ಎಕ್ಸೆಲ್ ಶೀಟ್ ಮಾಡಿ ಬಣ್ಣ ಕೂಡ ಹಾಕಿದ್ದೇನೆ. ತಪ್ಪಿದ್ದರೆ ತಿದ್ದಿ.

ನೈಟ್ ಬಸ್ ನಾಗ:

ನಿಮ್ಮ ಮೂರನೇ ದಿನ ಓದಿಯೇ ನನಗೆ ಸೊಂಟ ಹಿಡಿಯಿತು.

ಉಡುಪಿಯಿಂದ ಮುರುಡೇಶ್ವರ ಸುಮಾರು 100 ಕಿಲೋಮೀಟರ್. ಅಲ್ಲಿಂದ ಹೊನ್ನಾವರ, ಕುಮಟಾ ದಾಟಿ ಮಿರ್ಜಾನ್‌ಗೆ ಇನ್ನೊಂದು 60. ಹೋಗಿ ಬರುವುದು ಅಂದರೆ 320. ನಡುವೆ ನೇತ್ರಾಣಿ ಬೇರೆ! ಅದು ಮುರುಡೇಶ್ವರದಿಂದ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್. ಅಲ್ಲಿಗೆ ಹೋಗುವವರು ಸ್ಕೂಬಾ ಡೈವಿಂಗ್ ಮಾಡುವವರು. ದ್ವೀಪದ ಮೇಲೆ ಚಾಪೆ ಹಾಸಿ ಚಿತ್ರಾನ್ನ ತಿನ್ನುವ ಜಾಗ ಅಲ್ಲ ಅದು. ಅಮ್ಮನನ್ನು ನೀರಿಗೆ ಇಳಿಸುವ ಯೋಚನೆ ಇಲ್ಲ ತಾನೇ?

ಮಲ್ಲೇಶ್ವರ ಮೈಲಿಗಲ್ಲು:

ಮುರುಡೇಶ್ವರ ಬಿಡಬೇಡಿ. ನನ್ನ ಮಕ್ಕಳಿಗೆ ಇಡೀ ಟ್ರಿಪ್ಪಿನಲ್ಲಿ ನೆನಪಿರುವುದು ಅದೊಂದೇ. ಗೋಪುರ 237 ಅಡಿ, 20 ಅಂತಸ್ತು, ಒಳಗೆ ಲಿಫ್ಟ್ ಇದೆ. ಮೇಲಿನಿಂದ 123 ಅಡಿ ಶಿವನನ್ನೂ ಸುತ್ತಲಿನ ಸಮುದ್ರವನ್ನೂ ನೋಡಬಹುದು. ಮಂಡಿನೋವಿನವರಿಗೆ ಲಿಫ್ಟ್ ಇರುವ ದೇವಸ್ಥಾನ ಎಲ್ಲಿ ಸಿಗುತ್ತದೆ ಹೇಳಿ. ಮಿರ್ಜಾನ್, ನೇತ್ರಾಣಿ ಎರಡನ್ನೂ ಹೊಡೆದು ಹಾಕಿ.

ಬಸವನಗುಡಿ ಬಜ್ಜಿ:

ನೇತ್ರಾಣಿ ತೆಗೆದೆ. ಸೇಂಟ್ ಮೇರೀಸ್ ಆದರೂ ಸರಿ ಇದೆಯಾ? ಫೋಟೋದಲ್ಲಿ ಕಪ್ಪು ಕಲ್ಲು ಬಿಟ್ಟರೆ ಏನೂ ಕಾಣುತ್ತಿಲ್ಲ.

ಕಲ್ಲುಕುಟಿಗ:

ಕಪ್ಪು ಕಲ್ಲು ಬಿಟ್ಟರೆ ಏನೂ ಇಲ್ಲ, ನಿಜ. ಆ ಕಲ್ಲಿಗೋಸ್ಕರವೇ ಹೋಗಬೇಕು.

ಬಸವನಗುಡಿಯವರು ಅಂತೀರಿ. ಲಾಲ್‌ಬಾಗ್ ಬಂಡೆಯ ಹತ್ತಿರ ಇರುವ ಫಲಕ ಯಾವತ್ತಾದರೂ ಓದಿದ್ದೀರಾ? ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಸೇಂಟ್ ಮೇರೀಸ್ ದ್ವೀಪವೂ ಅದೇ ಪಟ್ಟಿಯಲ್ಲಿದೆ. ಆದರೆ ಲಾಲ್‌ಬಾಗ್ ಬಂಡೆಯ ಮುಂದೆ ಅದು ಮರಿಮಗು, ಸುಮಾರು 8.8 ಕೋಟಿ ವರ್ಷ ಅಷ್ಟೇ. ಆಗ ಭಾರತವೂ ಮಡಗಾಸ್ಕರ್ ದ್ವೀಪವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬಿಟ್ಟುಕೊಳ್ಳುವ ಹೊತ್ತಿಗೆ ನೆಲ ಸೀಳಿ ಉಕ್ಕಿದ ಲಾವಾ ಇದು. ಲಾವಾ ತಣ್ಣಗಾಗುತ್ತಾ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿ ಕೆಸರು ಹೋಳು ಹೋಳಾಗಿ ಸೀಳಿರುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಇಲ್ಲಿ ಬಿರುಕು ಮೇಲಿಂದ ಕೆಳಗೆ ಇಳಿದು ಕಂಬ ಕಂಬವಾಗಿ ನಿಂತಿದೆ. ಯಾರೋ ಪೆನ್ಸಿಲ್ ಕಟ್ಟನ್ನು ಸಮುದ್ರದಲ್ಲಿ ನಿಲ್ಲಿಸಿದ ಹಾಗೆ.

ಎಲ್ಲರೂ ಬಸಾಲ್ಟ್ ಅಂತ ಹೇಳುತ್ತಾರೆ. ಅಲ್ಲ, ಇದು ರಯೊಲೈಟ್ ಜಾತಿಯ ಕಲ್ಲು. ಮಗಳಿಗೆ ಹೇಳಿ, ಕಂಬಗಳ ಬದಿ ಎಣಿಸಲಿ. ಎಲ್ಲಕ್ಕೂ ಆರೇ ಇರುವುದಿಲ್ಲ.

ಬಸವನಗುಡಿ ಬಜ್ಜಿ:

ಮರ್ಯಾದೆ ಹೋಯಿತು. ಆ ಬಂಡೆ ಮೇಲೆ ಇಪ್ಪತ್ತು ವರ್ಷದಿಂದ ಕಡಲೆಕಾಯಿ ತಿನ್ನುತ್ತಿದ್ದೇನೆ. ಫಲಕ ಓದಿಲ್ಲ.

ನೈಟ್ ಬಸ್ ನಾಗ:

ದ್ವೀಪಕ್ಕೆ ಬೆಳಗ್ಗೆ ಮೊದಲ ದೋಣಿಗೇ ಹೋಗಿ. ಹನ್ನೊಂದರ ಮೇಲೆ ಕಲ್ಲು ಕಾದ ಕಾವಲಿ, ಜನ ಜಾತ್ರೆ. ಈಜಲು ಇಳಿಯಬೇಡಿ, ಬಂಡೆ ಮೇಲೆ ಪಾಚಿ, ನೀರಿನ ಸೆಳೆತವೂ ಜಾಸ್ತಿ. ಮಳೆಗಾಲದಲ್ಲಿ ದೋಣಿ ಪೂರ್ತಿ ಬಂದ್. ನೀವು ಹೋಗುವ ಹೊತ್ತಿಗೆ ಶುರುವಾಗಿರುತ್ತದೆ, ಆದರೂ ಸಮುದ್ರ ಮುನಿಸಿಕೊಂಡರೆ ಅವತ್ತು ಇಲ್ಲ. ದ್ವೀಪವನ್ನು ಯಾವತ್ತೂ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಬಾರ್ಕೂರಿನ ಅಳಿಯ:

ಎಂತ ಮಾರಾಯ್ರೆ, ಇಷ್ಟೆಲ್ಲ ಊರು ಬರೆದಿದ್ದೀರಿ, ಬಾರ್ಕೂರು ಯಾಕಿಲ್ಲ?

ನನ್ನ ಹೆಂಡತಿಯ ಊರು ಅಂತ ಹೇಳುತ್ತಿಲ್ಲ. ಸರಿ, ಸ್ವಲ್ಪ ಅದಕ್ಕೂ ಹೇಳುತ್ತಿದ್ದೇನೆ. ಉಡುಪಿಯಿಂದ 15–16 ಕಿಲೋಮೀಟರ್, ಬ್ರಹ್ಮಾವರ ದಾಟಿದರೆ ಬಂತು. ಈಗ ನೋಡಿದರೆ ಸೀತಾ ನದಿ ಬದಿಯ ಸುಮ್ಮನಿರುವ ಊರು. ಅಡಿಕೆ ತೋಟ, ಗದ್ದೆ, ಒಂದು ರೈಲ್ವೆ ಸ್ಟೇಷನ್. ಒಂದು ಕಾಲದಲ್ಲಿ ತುಳುನಾಡನ್ನು ಆಳಿದ ಆಳುಪರ ರಾಜಧಾನಿ ಇದು. ಶಾಸನಗಳಲ್ಲಿ ಬಾರಕನ್ಯಾಪುರ. ಆಮೇಲೆ ವಿಜಯನಗರದವರು ಕರಾವಳಿಯನ್ನು ಮಂಗಳೂರು ರಾಜ್ಯ, ಬಾರ್ಕೂರು ರಾಜ್ಯ ಅಂತ ಎರಡು ಮಾಡಿ ಇಲ್ಲಿಂದಲೂ ಆಳಿದರು. 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ದಾರಿಯಾಗಿ ಬಂದ. ಅವನು ಬರೆದ 'ಫಾಕನೂರು' ಇದೇ ಊರು. ಇಲ್ಲಿನ ಕಬ್ಬಿನಂಥ ಕಬ್ಬು ಆ ಸೀಮೆಯಲ್ಲೇ ಇಲ್ಲ ಎಂದು ಹೊಗಳಿದ್ದಾನೆ. ಹಡಗು ಬರುತ್ತಿದ್ದ ಊರು ಸ್ವಾಮಿ ಇದು.

ಊರು ಕೇರಿಗಳಾಗಿ ಹಂಚಿಕೊಂಡಿದೆ. ಕೋಟೆಕೇರಿ, ಚೌಳಿಕೇರಿ ಹೀಗೆ. ಕೇರಿಗೊಂದೆರಡು ಹಳೇ ದೇವಸ್ಥಾನ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಅಂತ ನಮ್ಮ ಅತ್ತೆ ಹೇಳುತ್ತಾರೆ. ನಾನು ಎಣಿಸಲು ಹೋಗಿಲ್ಲ. ಕತ್ತಲೆ ಬಸದಿ ಮಾತ್ರ ತಪ್ಪಿಸಬೇಡಿ.

ಇನ್ನು ನನ್ನ ಹೆಸರಿನ ಕಥೆ. ಅಳಿಯಸಂತಾನ ಗೊತ್ತಲ್ಲ, ಆಸ್ತಿ ಮಗನಿಗೆ ಹೋಗದೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದ ಹಳೇ ಪದ್ಧತಿ. ಅದು ಶುರುವಾದದ್ದು ಬಾರ್ಕೂರಿನಲ್ಲಿ ಅಂತ ಐತಿಹ್ಯ. ದೇವಪಾಂಡ್ಯ ಎಂಬ ರಾಜ ಹೊಸ ಹಡಗು ಮಾಡಿಸಿದ. ನೀರಿಗಿಳಿಸುವಾಗ ಕುಂಡೋದರ ಎಂಬ ಭೂತ ಅಡ್ಡ ನಿಂತು ನಿನ್ನ ಮಗನನ್ನು ಬಲಿ ಕೊಡು ಎಂದಿತು. ಹೆಂಡತಿ ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕಳಿಸಿದಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು. ಅವನೇ ಭೂತಾಳಪಾಂಡ್ಯ ಅಂತ ರಾಜನಾದ. ಅಂದಿನಿಂದ ಸೊತ್ತು ಅಳಿಯನಿಗೆ. ಇಲ್ಲಿ ಅಳಿಯ ಅಂದರೆ ಸೋದರಳಿಯ. ನನ್ನಂಥ ಮನೆ ಅಳಿಯನಿಗೆ ಎಳನೀರು ಮಾತ್ರ.

ಮಲ್ಲೇಶ್ವರ ಮೈಲಿಗಲ್ಲು:

ಕಥೆ ಚೆನ್ನಾಗಿದೆ. ಆದರೆ ಎಂಟನೇ ಕ್ಲಾಸಿನ ಹುಡುಗಿಗೆ ಪಾಳುಬಿದ್ದ ಬಸದಿ ತೋರಿಸಿದರೆ ಹತ್ತು ನಿಮಿಷಕ್ಕೆ ಫೋನ್ ಕೇಳುತ್ತಾಳೆ. ನಾನು ಒಮ್ಮೆ ಹೋಗಿದ್ದೆ. ಬೋರ್ಡ್ ಇಲ್ಲ, ಹೇಳುವವರಿಲ್ಲ, ಟೀ ಅಂಗಡಿ ಇಲ್ಲ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ದಾರಿ ಕೇಳಿಕೊಂಡು ಅಲೆದೆ.

ಬಾರ್ಕೂರಿನ ಅಳಿಯ:

ದಾರಿ ಕೇಳಿಕೊಂಡು ಅಲೆಯುವುದೇ ಅಲ್ಲಿ ನೋಡುವುದು. ಹತ್ತು ನಿಮಿಷ ಅಂತ ನೀವೇ ನಿರ್ಧಾರ ಮಾಡಿ ಬಂದಿರಬೇಕು.

ಅಂದ ಹಾಗೆ ಸಮಯ ಇದ್ದರೆ ಕುಂದಾಪುರದ ಹತ್ತಿರ ಬಸರೂರು. ವಾರಾಹಿ ಹೊಳೆ ದಂಡೆ. ಅಕ್ಕಿ ವ್ಯಾಪಾರದ ದೊಡ್ಡ ಬಂದರಾಗಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ 85 ಸಣ್ಣ ಹಡಗು, ಮೂರು ದೊಡ್ಡ ಹಡಗು ತಂದು ಇದನ್ನು ಲೂಟಿ ಮಾಡಿದ. ಸುಮ್ನೆ ಬಡ ಊರಿಗೆ ಯಾರಾದರೂ ಅಷ್ಟು ಹಡಗು ತರುತ್ತಾರಾ?

ಹೆಬ್ರಿ ಹುಡುಗಿ:

ನಾನು ಹುಟ್ಟಿದ್ದು ಆ ಕಡೆ, ಈಗ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಎರಡನೇ ದಿನದ ಬಗ್ಗೆ ಎರಡು ಮಾತು.

ಕಾರ್ಕಳದ ಗೊಮ್ಮಟ ಬಂಡೆಯ ಮೇಲಿದ್ದಾನೆ, 1432ರಲ್ಲಿ ನಿಲ್ಲಿಸಿದ್ದು, ಸುಮಾರು 42 ಅಡಿ. ಕಲ್ಲಿನ ಮೆಟ್ಟಿಲು ಹತ್ತಬೇಕು, ಬರಿಗಾಲು. ಮಂಡಿನೋವಿಗೆ ಬೇಡ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೆಲಮಟ್ಟದಲ್ಲಿದೆ, ಅಮ್ಮ ಆರಾಮಾಗಿ ತಿರುಗಬಹುದು. 1430ರದು. ಒಂದು ಕಂಬದ ಕೆತ್ತನೆ ಇನ್ನೊಂದಕ್ಕಿಲ್ಲ. ಎಲ್ಲರೂ ಮೇಲೆ ನೋಡಿಕೊಂಡೇ ಓಡಾಡುತ್ತಾರೆ. ನೀವು ಬಗ್ಗಿ ಮಂಟಪದ ಜಗಲಿಯ ಅಂಚು ನೋಡಿ. ಅಲ್ಲಿ ಜಿರಾಫೆ ಇದೆ. ಚೀನಾದ ಡ್ರ್ಯಾಗನ್ ಇದೆ. ಎಲ್ಲಿ ಅಂತ ಹೇಳುವುದಿಲ್ಲ, ಮಗಳು ಹುಡುಕಲಿ.

ವೇಣೂರು ಬಿಡಿ. ಬದಲಿಗೆ ಕಾರ್ಕಳದಿಂದ ಹೆಬ್ರಿ ರಸ್ತೆಯಲ್ಲಿ ವರಂಗಕ್ಕೆ ಬನ್ನಿ. ಕೆರೆ ನಡುವೆ ಬಸದಿ. ನಾಲ್ಕು ಕಡೆಗೂ ಬಾಗಿಲು. ಸಣ್ಣ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ಐದು ನಿಮಿಷ ಸಾಕು. ನಿಮಗೆ ದ್ವೀಪ ಬೇಕು ಅಲ್ವಾ? ಇದಕ್ಕಿಂತ ಸುಲಭದ ದ್ವೀಪ ಇಲ್ಲ. ಹಿಂದೆ ಪಶ್ಚಿಮ ಘಟ್ಟ, ಸುತ್ತ ತಾವರೆ ಎಲೆ.

ಜೆಪಿ ನಗರ ಜೋಳಿಗೆ:

ರೈಲಾ ಕಾರಾ? ಕಾರಾದರೆ ಶಿರಾಡಿ ಘಾಟಿಯ ಸ್ಥಿತಿ ವಿಚಾರಿಸಿಕೊಂಡು ಹೊರಡಿ. ಹೋದ ಸಲ ನಾನು ಘಾಟಿಯಲ್ಲಿ ಲಾರಿ ಹಿಂದೆ ಎರಡು ಗಂಟೆ ನಿಂತಿದ್ದೆ. ಆಗುಂಬೆ ಕಡೆಯಿಂದ ಇಳಿದರೆ 14 ತಿರುವು, ಹಿಂದಿನ ಸೀಟಿನವರಿಗೆ ನಿಂಬೆಹಣ್ಣು ಇಟ್ಟುಕೊಳ್ಳಿ.

ನೈಟ್ ಬಸ್ ನಾಗ:

ಹೆಸರು ನೈಟ್ ಬಸ್ ಆದರೂ ಹೇಳುತ್ತೇನೆ, ಅಮ್ಮ ಇದ್ದರೆ ರೈಲು. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಕು ಹರಿಯುವ ಮೊದಲು ಉಡುಪಿಗೆ ಇಳಿಸುತ್ತದೆ. ಸಕಲೇಶಪುರದ ಘಾಟಿ ಕತ್ತಲಲ್ಲಿ ಹೋಗುತ್ತದೆ, ಅದೊಂದೇ ಬೇಜಾರು. ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಅಲ್ಲಿಂದ ಮಲ್ಪೆಗೆ ಆಟೋ. ಕಾರನ್ನು ಬೇಕಾದ ದಿನಕ್ಕೆ ಮಾತ್ರ ಅಲ್ಲೇ ಬಾಡಿಗೆಗೆ ಹಿಡಿಯಿರಿ.

ಬಸವನಗುಡಿ ಬಜ್ಜಿ:

ಹೊಸ ಶೀಟ್: ಮೊದಲ ದಿನ ದ್ವೀಪ. ಎರಡನೇ ದಿನ ಮೂಡುಬಿದಿರೆ, ವರಂಗ. ಮೂರನೇ ದಿನ ಮುರುಡೇಶ್ವರ. ನಾಲ್ಕನೇ ದಿನ ಬಾರ್ಕೂರು, ಟೈಮ್ ಇದ್ದರೆ. ಅಳಿಯಂದಿರು ಬೇಜಾರು ಮಾಡಿಕೊಳ್ಳಬಾರದು. ಹೋಗಿ ಬಂದು ಬರೆಯುತ್ತೇನೆ.

ಬಾರ್ಕೂರಿನ ಅಳಿಯ:

"ಟೈಮ್ ಇದ್ದರೆ" ಎಂಬ ಎರಡು ಪದವನ್ನು ನೆನಪಿಟ್ಟುಕೊಳ್ಳುತ್ತೇನೆ.

ಬಸವನಗುಡಿ ಬಜ್ಜಿ (ಮೂರು ವಾರ ಬಿಟ್ಟು):

ಬಂದೆವು. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲ ದಿನ ಏಳೂವರೆಗೇ ದೋಣಿ ಜಾಗಕ್ಕೆ ಹೋದರೆ ಕೆಂಪು ಬಾವುಟ. ರಾತ್ರಿಯಿಂದ ಗಾಳಿ, ದೋಣಿ ಇಲ್ಲ. ಮಗಳ ಮುಖ ಊದಿಕೊಂಡಿತು. ಶೀಟ್ ತೆಗೆದು ನೋಡಿದೆ, ಹತ್ತಿರ ಇದ್ದದ್ದು ಬಾರ್ಕೂರು ಒಂದೇ. ಅಳಿಯಂದಿರೇ, ನಿಮ್ಮ ಭೂತವೇ ದೋಣಿಗೆ ಅಡ್ಡ ನಿಂತಿರಬೇಕು.

ಮೊದಲ ಅರ್ಧ ಗಂಟೆ ಮಲ್ಲೇಶ್ವರದವರು ಹೇಳಿದ ಹಾಗೇ ಆಯಿತು. ಬೋರ್ಡ್ ಇಲ್ಲ. ಒಬ್ಬರು ಎಡಕ್ಕೆ ಅಂದರು, ಇನ್ನೊಬ್ಬರು ಬಲಕ್ಕೆ ಅಂದರು. ಆಮೇಲೆ ಕತ್ತಲೆ ಬಸದಿ ಸಿಕ್ಕಿತು. ಅಲ್ಲಿ ನಾವು ಬಿಟ್ಟರೆ ಒಂದು ಆಕಳು. ಮಳೆಗೆ ಬೆಳೆದ ಹುಲ್ಲು ಇನ್ನೂ ಕೊಯ್ದಿರಲಿಲ್ಲ. ಅಮ್ಮ ಒಂದು ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಂಡರು. ಮಗಳು ಫೋನ್ ಕೇಳಿದಳು, ಅದೂ ನಿಜ. ಆದರೆ ಕೇಳಿದ್ದು ಟಾರ್ಚ್ ಹಾಕಲು. ಒಂದು ಶಾಸನದ ಕಲ್ಲು ನಿಂತಿತ್ತು. ಅವಳು ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟಳು. ಸವೆದ ಅಕ್ಷರದ ಗುಂಡಿಗಳಲ್ಲಿ ನೆರಳು ತುಂಬಿಕೊಂಡು ಗೆರೆಗಳು ಎದ್ದು ಬಂದವು. ಮೊದಲು ಒಂದು 'ಸ್ವ'. ಆಮೇಲೆ 'ಸ್ತಿ'. "ಅಪ್ಪಾ, ಇದು ಕನ್ನಡ!" ಅಂತ ಕೂಗಿದಳು. ಮತ್ತೇನು ಗ್ರೀಕ್ ಇರುತ್ತದಾ ಅಂತ ನಾನು ನಗುತ್ತಾ ಬಗ್ಗಿದೆ. 'ಸ್ವಸ್ತಿ ಶ್ರೀ' ಆದ ಮೇಲೆ ನನಗೂ ಓದಲಾಗಲಿಲ್ಲ. ಅಮ್ಮ ಎದ್ದು ಬಂದು ಇನ್ನೆರಡು ಅಕ್ಷರ ಓದಿದರು. ಮೂರು ತಲೆಮಾರು ಸೇರಿ ಅರ್ಧ ಸಾಲು. ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನ, ಚೌಳಿಕೇರಿಯ ಗಣಪತಿ ನೋಡಿದೆವು. ದಾರಿ ಕೇಳಿದ ಮನೆಯವರೊಬ್ಬರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಅವರ ಕುಂದಾಪ್ರ ಕನ್ನಡ ಅಮ್ಮನಿಗೆ ಮುಕ್ಕಾಲು ಅರ್ಥವಾಯಿತು, ನನಗೆ ಕಾಲು. ಹೊಳೆ ಬದಿಗೆ ಹೋಗಿ ನಿಂತಾಗ ಮಗಳು ಹಡಗು ಎಲ್ಲಿ ನಿಲ್ಲುತ್ತಿತ್ತು ಅಂತ ಕೇಳಿದಳು. ನೀರು ಅಷ್ಟು ಸುಮ್ಮನಿತ್ತು, ನಾನು ಸುಮ್ಮನೆ ಕೈ ತೋರಿಸಿದೆ. ಬರುವಾಗ ಕೋಡಿ ಬೆಂಗ್ರೆಗೆ ಹೋದೆವು. ಸೀತಾ, ಸುವರ್ಣಾ ಎರಡೂ ಹೊಳೆ ಸಮುದ್ರ ಸೇರುವ ಜಾಗ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ರಸ್ತೆ. ಬಾರ್ಕೂರಿನ ಹಡಗು ಈ ಬಾಯಿಂದ ಒಳಗೆ ಬಂದಿರಬೇಕು ಅಂತ ಅಲ್ಲಿ ಹೊಳೆಯಿತು.

ಎರಡನೇ ದಿನ ದೋಣಿ ಬಿಟ್ಟರು. ಅಮ್ಮ ಮಲ್ಪೆ ಸೀ ವಾಕ್‌ನಲ್ಲಿ ಬೆಂಚು ಹಿಡಿದು ಕೂತರು. ಒಳ್ಳೆಯದೇ ಆಯಿತು, ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಬೇಕಿತ್ತು. ಕಲ್ಲುಕುಟಿಗರೇ, ಮಗಳು 20 ಕಂಬ ಎಣಿಸಿದಳು. ಆರು ಬದಿಯವು ಹನ್ನೊಂದು, ಐದರವು ಏಳು, ಎರಡಕ್ಕೆ ಏಳು ಬದಿ. ಒಂದು ಕಂಬದ ತಲೆ ಬಟ್ಟಲಿನ ಹಾಗೆ ಸವೆದು ಅದರಲ್ಲಿ ಅಂಗೈಯಷ್ಟು ನೀರು. ಅದರಲ್ಲಿ ಉಗುರಿನಷ್ಟು ಏಡಿ. ಅದಕ್ಕೆ ಆರು ಗೋಡೆಯ ಮನೆ.

ಬೇಜಾರು ಒಂದೇ. ವಾಪಸ್ ಬರುವಾಗ ನಮ್ಮ ದೋಣಿಯವನು ಸೀಟು ತುಂಬುವ ತನಕ ಹೊರಡಲಿಲ್ಲ. ಹತ್ತಿಸುವಾಗ ಒಂದು ಗಂಟೆ ಅಂದಿದ್ದ. ನಲವತ್ತು ನಿಮಿಷ ಬಿಸಿಲಲ್ಲಿ ಕಾಯಿಸಿದ, ಕೇಳಿದರೆ ಮುಖ ತಿರುಗಿಸಿದ. ಟೋಪಿ, ನೀರು ತಗೊಂಡು ಹೋಗಿ.

ಮೂರನೇ ದಿನ ಮುರುಡೇಶ್ವರವೋ ಮೂಡುಬಿದಿರೆಯೋ ಅಂತ ವೋಟು ಹಾಕಿದೆವು. ಜಿರಾಫೆ ಗೆದ್ದಿತು. ಹುಡುಕಲು ಇಪ್ಪತ್ತು ನಿಮಿಷ. ಕಂಡದ್ದು ಮಗಳಿಗಲ್ಲ, ಅಮ್ಮನಿಗೆ. ಬಗ್ಗಲು ಆಗದೆ ಮೆಟ್ಟಿಲ ಮೇಲೆ ಕೂತಿದ್ದರಲ್ಲ, ಕಣ್ಣಿನ ಮಟ್ಟಕ್ಕೇ ಇತ್ತು! "ಇದೇನು ಒಂಟೆಗೆ ಕುತ್ತಿಗೆ ಜಾಸ್ತಿ ಆಗಿದೆ" ಅಂದರು. ಆಫ್ರಿಕಾದ ಪ್ರಾಣಿಯನ್ನು ಮೂಡುಬಿದಿರೆಯಲ್ಲಿ ಯಾರು ಕೆತ್ತಿದರು ಅಂತ ಮಗಳು ಯೋಚಿಸುತ್ತಾ ನಿಂತಳು. ಬಾರ್ಕೂರಿನ ಹೊಳೆಯನ್ನು ನೆನಪಿಸಿದೆ. "ಓ" ಅಂದಳು, ಅಷ್ಟೇ. ಕಾರ್ಕಳದ ಗೊಮ್ಮಟನಿಗೆ ಕೆಳಗಿನ ರಸ್ತೆಯಿಂದಲೇ ಕೈಮುಗಿದೆವು. ವರಂಗದಲ್ಲಿ ಅಮ್ಮನೂ ದೋಣಿ ಹತ್ತಿದರು. ಹೆಬ್ರಿಯವರಿಗೆ ಅವರ ಪರವಾಗಿ ಥ್ಯಾಂಕ್ಸ್.

ನಾಲ್ಕನೇ ದಿನ ಎಲ್ಲೂ ಹೋಗಲಿಲ್ಲ. ಬೆಳಗ್ಗೆ ಬೀಚಿನಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ದಡದಲ್ಲಿ ಎರಡು ಸಾಲು ಜನ, ನಡುವೆ ಅರ್ಧ ಚಂದ್ರದ ಹಾಗೆ ಬಲೆ. ಮಗಳೂ ಹೋಗಿ ಹಗ್ಗ ಹಿಡಿದಳು. ಬಂಗುಡೆ, ಬೂತಾಯಿ, ಬೊಳೆಂಜಿರ್ ಅಂತ ಹೆಸರು ಕಲಿತು ಬಂದು ಶುದ್ಧ ಸಸ್ಯಾಹಾರಿ ಅಜ್ಜಿಗೆ ಒಪ್ಪಿಸಿದಳು. ಶೀಟ್‌ನಲ್ಲಿ ಆ ಕಾಲಮ್ಮಿಗೆ ಏನು ಬಣ್ಣ ಹಾಕುವುದು ಗೊತ್ತಾಗಲಿಲ್ಲ.

ಮಲ್ಲೇಶ್ವರ ಮೈಲಿಗಲ್ಲು:

ಟಾರ್ಚ್ ಉಪಾಯ ನನಗೆ ಹೊಳೆದಿರಲಿಲ್ಲ. ಆದರೂ ಲಿಫ್ಟ್ ಲಿಫ್ಟೇ.

ಬಾರ್ಕೂರಿನ ಅಳಿಯ:

ಅತ್ತೆಗೆ ಓದಿ ಹೇಳಿದೆ. ಮಜ್ಜಿಗೆ ಕೊಟ್ಟ ಮನೆ ಯಾವ ಕೇರಿಯದು ಅಂತ ಕೇಳುತ್ತಿದ್ದಾರೆ.

ಕಲ್ಲುಕುಟಿಗ:

ಹನ್ನೊಂದು, ಏಳು, ಎರಡು. ಲೆಕ್ಕ ಬರೆದಿಟ್ಟುಕೊಳ್ಳಲು ಹೇಳಿ. ಲಾಲ್‌ಬಾಗ್ ಫಲಕ ಯಾವಾಗ?

ಬಸವನಗುಡಿ ಬಜ್ಜಿ:

ಓದಿ ಆಯಿತು. ಕಡಲೆಕಾಯಿ ಸಿಪ್ಪೆಯನ್ನು ಜೇಬಿನಲ್ಲಿ ಹಾಕಿಕೊಂಡು ಬಂದೆ.

ಯಲಹಂಕ ಹೊಸಬ:

ಈಗಷ್ಟೇ ಎಲ್ಲ ಓದಿದೆ. ನಮಗೆ ರಜೆ ಸಿಗುವುದು ಜೂನ್ ಕೊನೆಗೆ. ಆಗ ಹೋಗಬಹುದಾ?

ನೈಟ್ ಬಸ್ ನಾಗ:

ದೋಣಿ ಇರಲ್ಲ. ಬಾರ್ಕೂರು ಇರುತ್ತದೆ. ಗಟ್ಟಿ ಕೊಡೆ ತಗೊಳ್ಳಿ, ಟಾರ್ಚ್ ಮರೆಯಬೇಡಿ.